ಬಲಗಡೆ ಸ್ಪೀಕರ್ ಯಾಕೋ ಮೆತ್ತಗೆ

ಮೊನ್ನೆ ಗುರುವಾರ ಬೆಳಿಗ್ಗೆ ನನ್ನದೇ ಮನೆಯ ಹಾಲ್‌ನಲ್ಲಿ ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಲಾಯಿತು. ಕೂರಿಸಿದವರು ಸುರಪುರದ ಮೈಕ್ ಸೆಟ್ ರಿಪೇರಿಯ ಖಾಜಾ ಸಾಹೇಬರು. ಶಹಾಪುರದ ಶಾಲೆಯಲ್ಲಿ ಮೂವತ್ತು ವರ್ಷ ತುಂಟ ಮಕ್ಕಳನ್ನು ಹೀಗೇ ಗೋಡೆಗೆ ತಿರುಗಿಸಿದವಳು ನಾನು. (ಹಳೆಯ ವಿದ್ಯಾರ್ಥಿಗಳು ಓದುತ್ತಿದ್ದರೆ, ಪ್ಲೀಸ್, ಸ್ವಲ್ಪ ಮರೆಯಲ್ಲಿ ನಗಿ.)

ಯಾಕೆ ಈ ಶಿಕ್ಷೆ? ಹೇಳುತ್ತೇನೆ.

ನನ್ನ ಬಳಿ ಒಂದು ವಾಲ್ವ್ ಆಂಪ್ಲಿಫೈಯರ್ ಇದೆ. ಗಾಜಿನ ಬುರುಡೆಗಳು ಕೆಂಪಗೆ ಉರಿದು ಮೈ ಕಾಯಿಸಿಕೊಂಡ ಮೇಲೆ ಹಾಡುವ ಹಳೆಯ ಪೆಟ್ಟಿಗೆ. ನಮ್ಮೂರ ಕಾಲುವೆ ಅಗೆಯುತ್ತಿದ್ದ ಕಾಲದಲ್ಲಿ ನೀರಾವರಿ ಕ್ಯಾಂಪಿನಲ್ಲಿದ್ದ ಇಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ, ‘ಲಾರಿ ಕುಲುಕಾಟಕ್ಕೆ ಇದು ಉಳಿಯುವುದಿಲ್ಲ, ನೀವೇ ಇಟ್ಟುಕೊಳ್ಳಿ’ ಎಂದು ಎರಡು ಸ್ಪೀಕರ್ ಸಮೇತ ಬಿಟ್ಟುಹೋದರು. ‘ನೀವು’ ಅಂದರೆ ನಾನು ಮತ್ತು ಯಶೋಧಾ.

ಯಶೋಧಾ ಬಳಿಚಕ್ರದವಳು. ನಮ್ಮ ಶಾಲೆಯ ಗಣಿತದ ಟೀಚರ್. ಇಬ್ಬರಿಗೂ ಮದುವೆಯಾಗಲಿಲ್ಲ, ಇಬ್ಬರಿಗೂ ಬಾಡಿಗೆಗೆ ಮನೆ ಬೇಕಿತ್ತು. ಒಂದು ವರ್ಷಕ್ಕೆಂದು ಶೇರ್ ಮಾಡಿದ ಮನೆ ಇಪ್ಪತ್ತಾರು ವರ್ಷ ನಡೆಯಿತು. ಹೋದ ವರ್ಷ ಯುಗಾದಿಗೆ ಮುಂಚೆ ಅವಳು ತೀರಿಕೊಂಡಳು. ಮನೆ ಅದೇ ಇದೆ. ಶೇರ್ ಮಾತ್ರ ಇಲ್ಲ.

ಈ ಪೆಟ್ಟಿಗೆಯ ವಿಷಯದಲ್ಲಿ ನಮಗೆ ಇಪ್ಪತ್ತಾರು ವರ್ಷವೂ ಜಗಳ. ಸ್ವಿಚ್ ಹಾಕಿದರೆ ವಾಲ್ವ್‌ಗಳು ಕಾಯಲು ಒಂದು ನಿಮಿಷ ಬೇಕು. ಆ ನಿಮಿಷ ಪೂರ್ತಿ ಯಶೋಧಾಳದು.

‘ನಿನ್ನ ಮಹಾರಾಣಿ ಎದ್ದಾಳೋ ಇಲ್ಲೋ? ಆಕಿ ಮೈ ಕಾಯೂದ್ರಾಗ ನಾ ಎರಡು ರೊಟ್ಟಿ ಬಡೀತೀನಿ. ಟ್ರಾನ್ಸಿಸ್ಟರ್ ತಗೊಳ್ಳೇ ಮಾರಾಯ್ತಿ, ಗುಂಡಿ ಒತ್ತಿದ್ರ ಹಾಡ್ತದ.’

‘ವಾಲ್ವ್‌ನ ದನಿಯಲ್ಲಿ ಒಂದು ವಾರ್ಮ್ತ್ ಇದೆ ಕಣೇ’ ಎನ್ನುತ್ತಿದ್ದೆ ನಾನು, ಕಾನ್ವೆಂಟ್ ಮೂಗು ಮೇಲೆತ್ತಿ.

‘ಶಹಾಪುರದ ಬಿಸಿಲಾಗ ಕುಂತು ಈಕಿಗೆ ವಾರ್ಮ್ತ್ ಬೇಕಂತ!’

ಸ್ಟೀರಿಯೋಗೆ ಇನ್ನೊಂದು ಕೆಟ್ಟ ಗುಣವಿದೆ. ಎರಡು ಸ್ಪೀಕರ್‌ಗಳ ನಡುಮಧ್ಯೆ ಕೂತವರಿಗೆ ಮಾತ್ರ ಪೂರ್ತಿ ಸಂಗೀತ. ಮಧ್ಯದಲ್ಲಿ ಇಬ್ಬರು ಕೂರುವುದು ಹೇಗೆ? ಅದಕ್ಕೆ ಪಾಳಿ. ಒಂದು ವಾರ ನಾನು ಮಧ್ಯದಲ್ಲಿ, ಅವಳು ಕಿಟಕಿಯ ಪಕ್ಕ. ಇನ್ನೊಂದು ವಾರ ಅವಳು. ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು, ಟೈಂಟೇಬಲ್ ಹಾಕಿದ ಹಾಗೆ. ಪರೀಕ್ಷೆ ಪೇಪರ್ ತಿದ್ದುತ್ತ ನಾನು ಒಂದು ವಾರ ತಪ್ಪಿಸಿಕೊಂಡರೆ ಕಾಂಪೆನ್ಸೇಶನ್ ಇರಲಿಲ್ಲ.

ಈಗ ಎಲ್ಲ ವಾರವೂ ನನ್ನದೇ. ಯಾರಿಗೆ ಬೇಕಿತ್ತು ಈ ಪ್ರಮೋಷನ್?

ಹೋಗಲಿ. ದೀಪಾವಳಿಯಿಂದ ಈಚೆಗೆ ಬಲಗಡೆ, ಅಂದರೆ ಕಿಟಕಿ ಪಕ್ಕದ ಸ್ಪೀಕರ್ ಯಾಕೋ ಮೆತ್ತಗೆ ಕೇಳತೊಡಗಿತು. ವಾಲ್ವ್ ಮುಪ್ಪಾಗಿದೆ ಎಂದುಕೊಂಡೆ. ಹೊಸ ವಾಲ್ವ್ ಈಗ ಎಲ್ಲಿ ಸಿಗುತ್ತದೆ? ಕೊನೆಗೂ ಯಶೋಧಾ ಗೆಲ್ಲುತ್ತಾಳೆ, ಮಹಾರಾಣಿಯನ್ನು ಕೆಳಗಿಳಿಸಲೇಬೇಕು ಎಂದು ಮನಸ್ಸು ಗಟ್ಟಿ ಮಾಡಿ ಖಾಜಾ ಸಾಹೇಬರಿಗೆ ಹೇಳಿ ಕಳಿಸಿದೆ. ಗುರುವಾರ ಅವರು ಕಂಕುಳಲ್ಲಿ ಒಂದು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇಟ್ಟುಕೊಂಡು ಬಂದರು. ಎರಡನ್ನೂ ಕೇಳಿ, ಒಂದನ್ನು ಆರಿಸಿಕೊಳ್ಳಬೇಕು.

ಮೊದಲು ವಾಲ್ವ್‌ಗೆ ಹಳೆಯ ಪಿಟೀಲಿನ ರೆಕಾರ್ಡ್ ಹಾಕಿದೆವು. ಬಲಗಡೆ ಮೆತ್ತಗೆ. ಆಮೇಲೆ ಟ್ರಾನ್ಸಿಸ್ಟರ್. ಅದರಲ್ಲೂ ಬಲಗಡೆಯೇ ಮೆತ್ತಗೆ!

‘ನೋಡಿದಿರಾ? ನಿಮ್ಮದೂ ಕೆಟ್ಟಿದೆ!’ ಎಂದೆ. ನಿಜ ಹೇಳುತ್ತೇನೆ, ಖುಷಿಯಾಗಿತ್ತು.

ಖಾಜಾ ಸಾಹೇಬರು ಎರಡೂ ಸ್ಪೀಕರಿಗೆ ಕಿವಿ ಇಟ್ಟರು. ವೈರ್ ಅದಲು ಬದಲು ಮಾಡಿದರು. ಆಗಲೂ ಬಲಗಡೆಯೇ ಮೆತ್ತಗೆ. ಗಡ್ಡ ಕೆರೆದುಕೊಂಡು ಸ್ವಲ್ಪ ಹೊತ್ತು ಸ್ಪೀಕರ್ ಬಿಟ್ಟು ನನ್ನನ್ನೇ ನೋಡಿದರು.

‘ಟೀಚರ್, ಕುರ್ಚಿ ಹೊಳ್ಳಿಸಿ ಗ್ವಾಡಿ ಕಡಿ ಮಾರಿ ಮಾಡಿ ಕುಂದರ್ರಿ. ಈಗ ಯಾವ್ ಸ್ಪೀಕರ್ ಕಮ್ಮಿ?’

ಈಗ, ಇಷ್ಟು ಹೊತ್ತು ಎಡಗಡೆಯಿದ್ದ ಕಪಾಟಿನ ಪಕ್ಕದ್ದು ಮೆತ್ತಗಿತ್ತು. ಕಿಟಕಿ ಪಕ್ಕದ್ದು ಚೆನ್ನಾಗಿ ಹಾಡುತ್ತಿತ್ತು.

‘ಸಿಟ್ಟಾಗಬ್ಯಾಡ್ರಿ ಟೀಚರ್. ಫಾಲ್ಟ್ ನಿಮ್ಮ ಜೋಡಿ ತಿರುಗಾಕತ್ತದ.’

ನಾನು ಗೋಡೆ ನೋಡುತ್ತಲೇ ಇದ್ದೆ. ಸುಣ್ಣ ಒಂದು ಕಡೆ ಹಪ್ಪಳದ ಹಾಗೆ ಎದ್ದಿತ್ತು.

‘ಬಾಗಲ್ದಾಗ ನಿಂತು ಮೂರು ಸಲ ಕರದೀನ್ರಿ, ನೀವು ಹೊಳ್ಳಿ ನೋಡ್ಲಿಲ್ಲ. ನಂದೂ ಒಂದ್ ಕಿವಿ ಹೋಗ್ಯಾದ್ರಿ, ಮೈಕಿನ ಹಾರ್ನ್ ಮುಂದ ನಿಂತು ನಿಂತು. ನನಗೆಲ್ಲಿ ಗೊತ್ತಾಗ್ತಿತ್ತು? ನಮ್ಮ ಮನ್ಯಾಕಿ ಬೈದು ಬೈದು ಕಂಡು ಹಿಡದ್ಲು.’ ನಕ್ಕರು. ಆಮೇಲೆ ಸಹಜವಾಗಿ ಕೇಳಿದರು, ‘ಮನ್ಯಾಗ ನಿಮಗ ಯಾರೂ ಹೇಳ್ಲಿಲ್ಲೇನ್ರಿ?’

ಮನೆಯವರಲ್ಲ, ಹೊರಗಿನವರೊಬ್ಬರು ಹೇಳಿದ್ದರು.

ಹೋದ ತಿಂಗಳು ಇದೇ ಅಂಕಣದಲ್ಲಿ, ಊರು ಮೊದಲಿನ ಹಾಗಿಲ್ಲ, ಗುಬ್ಬಿಗಳ ಗದ್ದಲವಿಲ್ಲ, ಕಾಲುವೆಯ ನೀರಿನ ಸದ್ದೂ ಇಳಿದುಹೋಗಿದೆ ಎಂದು ಮರುಗಿ ಬರೆದಿದ್ದೆ. ದೋರನಹಳ್ಳಿಯ ಓದುಗರೊಬ್ಬರು, ‘ಕಾಲುವಿ ತುಂಬಿ ಹರಿಯಾಕತ್ತದ, ಬಂದು ನೋಡ್ರಿ’ ಎಂದು ಕಾರ್ಡ್ ಬರೆದರು. ಕಾವ್ಯ ಗೊತ್ತಿಲ್ಲದ ಮನುಷ್ಯ ಎಂದುಕೊಂಡು ಬದಿಗಿಟ್ಟಿದ್ದೆ. ಸಾರಿ, ಸರ್. ಕಾಲುವೆಗೂ ಸಾರಿ.

ಯಶೋಧಾ ಇದ್ದಾಗ ಅಡಿಗೆಮನೆಯಿಂದ ಕೂಗಿದ್ದು ಎರಡನೇ ಸಲಕ್ಕೆ ಕೇಳದಿದ್ದರೆ ಕೈಯೆಲ್ಲ ಹಿಟ್ಟು ಮಾಡಿಕೊಂಡು ಹಾಲ್‌ಗೇ ಬಂದು ನಿಲ್ಲುತ್ತಿದ್ದಳು. ‘ಕಿವ್ಯಾಗ ಅರಳಿ ಇಟ್ಕೊಂಡಿಯೇನ?’ (ಅರಳಿ ಅಂದರೆ ಹತ್ತಿ.) ಆಗ ನನಗೆ ಕೋಪ ಬರುತ್ತಿತ್ತು. ಇಷ್ಟು ರಫ್ ಆಗಿ ಮಾತಾಡಬೇಕಾ ಎಂದು ಒಮ್ಮೆ ಎರಡು ದಿನ ಮಾತು ಬಿಟ್ಟಿದ್ದೆ. ಎರಡು ದಿನ! ಈಗ ಲೆಕ್ಕ ಹಾಕಿದರೆ ಎಷ್ಟು ದುಂದು ಅನ್ನಿಸುತ್ತದೆ.

ಒಬ್ಬಳೇ ಇರುವವಳಿಗೆ ಕಿವಿ ಹೋಗಿದ್ದು ಗೊತ್ತಾಗುವುದು ಹೇಗೆ ಹೇಳಿ? ಯಾರೂ ಕರೆಯದ ಮನೆಯಲ್ಲಿ ಎಲ್ಲರ ಕಿವಿಯೂ ಸರಿಯಾಗೇ ಇರುತ್ತದೆ.

ಖಾಜಾ ಸಾಹೇಬರು ಟ್ರಾನ್ಸಿಸ್ಟರ್ ಮುಂದೆ ಸರಿಸಿದರು. ‘ಇದಕ್ಕ ಬ್ಯಾಲೆನ್ಸ್ ಗುಂಡಿ ಅದರಿ. ಬಲಕ್ಕ ತಿರುವಿದ್ರ ನಿಮಗ ಎರಡೂ ಬರಾಬರ್ ಕೇಳ್ತಾವ. ನಿಮ್ಮ ವಾಲ್ವ್‌ಗ ಆ ಗುಂಡಿ ಇಲ್ಲ.’

ಲಾಜಿಕ್ ಪ್ರಕಾರ ಅದೇ ಸರಿ. ಗಣಿತದ ಟೀಚರ್ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದಳು. ನಾನು ಮಾತ್ರ ಟ್ರಾನ್ಸಿಸ್ಟರನ್ನು ಸುರಪುರಕ್ಕೆ ವಾಪಸ್ ಕಳಿಸಿದೆ. ಗುಂಡಿ ತಿರುವುವ ಬದಲು ಕುರ್ಚಿಯನ್ನು ಕಿಟಕಿಯ ಕಡೆ ಎಳೆದುಕೊಂಡೆ. ಅಲ್ಲಿಂದ ಬಲಗಡೆಯದೂ ಸುಮಾರಾಗಿ ಕೇಳುತ್ತದೆ. ಮಧ್ಯದ ಜಾಗ ಖಾಲಿ ಇದೆ. ಈ ವಾರ ಯಾರ ಪಾಳಿಯೋ, ಕ್ಯಾಲೆಂಡರ್ ನೋಡಿಲ್ಲ. ಮಹಾರಾಣಿ ಈಗಲೂ ಎದ್ದೇಳಲು ಒಂದು ನಿಮಿಷ ತೆಗೆದುಕೊಳ್ಳುತ್ತಾಳೆ. ಆ ನಿಮಿಷದಲ್ಲಿ ಅಡಿಗೆಮನೆಯ ಬಾಗಿಲು ನೋಡುತ್ತ ಕೂರುತ್ತೇನೆ.

ಸೋಮವಾರ ಯಾದಗಿರಿಗೆ ಹೋಗಿ ಡಾಕ್ಟರಿಗೆ ಕಿವಿ ತೋರಿಸಿದೆ. ವಯಸ್ಸು ಚಿಕ್ಕದು, ಮಾತು ಮೃದು. ‘ಎಷ್ಟು ತಿಂಗಳಿಂದ ಹಿಂಗಾಗ್ಯಾದ್ರಿ ಅಮ್ಮಾ? ಮೊದಲು ಯಾರ ಲಕ್ಷ್ಯಕ್ಕ ಬಂತು?’ ಎಂದು ಪೆನ್ ಹಿಡಿದು ಕಾದಳು.

‘ಆಂಪ್ಲಿಫೈಯರ್ ರಿಪೇರಿಯವರ ಲಕ್ಷ್ಯಕ್ಕೆ’ ಎಂದೆ. ಅವಳು ಅದನ್ನು ಬರೆದುಕೊಳ್ಳಲಿಲ್ಲ.

ನಿಮ್ಮದು ಹೇಗೋ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ನಿಮ್ಮ ಮನೆಯಲ್ಲಿ ಯಾರಾದರೂ ‘ಕಿವ್ಯಾಗ ಅರಳಿ ಇಟ್ಕೊಂಡಿಯೇನ?’ ಎಂದು ಚೀರಿದ್ದರೆ, ಅವರಿಗೆ ಥ್ಯಾಂಕ್ಸ್ ಹೇಳಿದಿರಾ, ಇಲ್ಲ ನನ್ನ ಹಾಗೆ ಮಾತು ಬಿಟ್ಟಿರಾ?