ಚುಕ್ಕಿ ಗುಡಿಸಲಿನ ತಾಡಪತ್ರಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಗ ನಾನು ಪಿಯುಸಿಯಲ್ಲಿದ್ದೆನೋ, ಡಿಗ್ರಿಗೆ ಸೇರಿದ್ದೆನೋ ಖಚಿತವಾಗಿ ಹೇಳಲಾರೆ. ನಡೆದದ್ದೆಷ್ಟು, ಆಮೇಲೆ ನಾನೇ ತುಂಬಿಕೊಂಡದ್ದೆಷ್ಟು ಎಂಬುದೂ ಗೊತ್ತಿಲ್ಲ. ಆ ವಾಸನೆಯ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಕಳೆದ ಸುಗ್ಗಿಯಲ್ಲಿ ಕಂಪ್ಲಿಗೆ, ನನ್ನ ಸೋದರಮಾವನ ಅಕ್ಕಿ ಗಿರಣಿಗೆ ಹೋಗಿದ್ದೆ. ಹಿಂದಿನ ದಿನ ಅಕಾಲದ ಮಳೆ ಬಿದ್ದಿತ್ತು. ಅಂಗಳದಲ್ಲಿ ಭತ್ತದ ರಾಶಿಗಳಿಗೆ ತಾಡಪತ್ರಿ ಹೊದಿಸಿದ್ದರು. ಬಿಸಿಲು ಏರಿದಂತೆ ಮೂಲೆಯ ರಾಶಿಯ ಕಡೆಯಿಂದ ಕಾದ ತಾಡಪತ್ರಿಯ ವಾಸನೆ ಬಂತು. ಅದರೊಳಗೆ ತುಕ್ಕಿನಂಥ ಇನ್ನೊಂದು ವಾಸನೆ... ಅದಿರಿನ ದೂಳಿನದು. ಭತ್ತದ ಊರಿನಲ್ಲಿ ಅದಿರೆಲ್ಲಿಂದ ಬರಬೇಕು? ನನಗೆ ಅಕ್ಕೋರು ನೆನಪಾದರು.

ಹೊಸಪೇಟೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ಪ್ರಾಥಮಿಕ ಶಾಲೆಯ ಟೀಚರು. ಮಕ್ಕಳು ಅಕ್ಕೋರೆ ಅನ್ನುತ್ತಿದ್ದವು, ಕೇಳಿ ಕೇಳಿ ಓಣಿಯವರೂ ಹಾಗೇ ಕರೆಯತೊಡಗಿದರು. ಎಲ್ಲೋ ಒಂದು ವಿಜ್ಞಾನ ಶಿಬಿರದಲ್ಲಿ ತಾರಾಲಯ ನೋಡಿ ಬಂದಮೇಲೆ ಅವರಿಗೆ ಅದೊಂದೇ ಧ್ಯಾನ. ಊರ ದೀಪಗಳಿಂದಾಗಿ ನಮ್ಮ ಮಕ್ಕಳಿಗೆ ನಾಲ್ಕು ನಕ್ಷತ್ರವೂ ಕಾಣುವುದಿಲ್ಲ, ಖಗೋಳದ ಪಾಠವನ್ನು ಬಾಯಿಪಾಠ ಮಾಡುತ್ತವೆ ಎಂದು ಕೊರಗುತ್ತಿದ್ದರು.

ಗಣಿ ನಿಂತು ಲಾರಿಗಳೆಲ್ಲ ಸಾಲಾಗಿ ಮಲಗಿದ್ದ ಕಾಲ ಅದು. ಅದಿರಿಗೆ ಹೊದಿಸುವ ತಾಡಪತ್ರಿಗಳು ಕೇಳುವವರಿಲ್ಲದೆ ಬಿದ್ದಿದ್ದವು. ಅಕ್ಕೋರು ಅವನ್ನು ತರಿಸಿ, ಲಾರಿ ತಾಡಪತ್ರಿ ಹೊಲಿಯುವ ದರ್ಜಿಯ ಮುಂದೆ ಕೂತು, ಕಲ್ಲಂಗಡಿ ಹೋಳಿನ ಆಕಾರಕ್ಕೆ ಕತ್ತರಿಸಿ ಹೊಲಿಸಿದರು. ಒಳಮೈಗೆ ಬಿಳಿ ಬಟ್ಟೆ. ಆ ಬಟ್ಟೆಯ ಅಂಚನ್ನು ನಾನೂ ಅವರ ಕಟ್ಟೆಯ ಮೇಲೆ ಕೂತು ಕೈಯಲ್ಲಿ ಹೊಲಿದೆ. ಕೆಂಪು ದಾರ ಅಂತ ನೆನಪು... ಇಲ್ಲದಿರಬಹುದು. ಬಗ್ಗಿಸಿದ ಬಿದಿರಿನ ಮೇಲೆ ಅದನ್ನು ಎಳೆದು ಕಟ್ಟಿದರೆ ಗುಮ್ಮಟವಾಗುತ್ತಿತ್ತು. ನಡುವೆ, ಮೊಳೆಯಿಂದ ತೂತು ಕೊರೆದ ಎಣ್ಣೆ ಡಬ್ಬಿ, ಅದರೊಳಗೆ ಸಣ್ಣ ಬಲ್ಬು. ಹೊರಗಿನ ಬೆಳಕು ನುಗ್ಗಬಾರದೆಂದು ಬಾಗಿಲಿನ ಬದಲು ಮಂಡಿಯೂರಿ ತೂರಬೇಕಾದ, ತಾಡಪತ್ರಿಯದೇ ಉದ್ದನೆಯ ತೋಳು. ಮಕ್ಕಳು ಅದನ್ನು ಚುಕ್ಕಿ ಗುಡಿಸಲು ಅಂದವು.

ಕಡ್ಡಿರಾಂಪುರದ ಶಾಲೆಯಲ್ಲಿ, ಕತ್ತಲಲ್ಲಿ ಬಲ್ಬು ಹೊತ್ತಿದಾಗ ಒಬ್ಬ ಹುಡುಗ ಅಂದ: "ಅಕ್ಕೋರೆ, ನಮ್ಮನಿ ತಗಡಿನಾಗೂ ಇಷ್ಟ ತೂತು ಅದಾವ್ರಿ."

"ಹಂಗಾದ್ರ ನಿಮ್ಮನ್ಯಾಗ ಹಗಲೊತ್ತೇ ಚುಕ್ಕಿ ಕಾಣ್ತಾವಲ್ಲೋ. ನಾಳಿಂದ ಎಲ್ಲಾರನೂ ಅಲ್ಲಿಗೇ ಕರ್ಕೊಂಡು ಬರ್ತೀನಿ, ನಿಮ್ಮವ್ವಗ ಚಾ ಇಡಾಕ ಹೇಳು."

ಮಕ್ಕಳ ನಗು ಅಡಗಿದ ಮೇಲೆ ಅಕ್ಕೋರು ಡಬ್ಬಿಯನ್ನು ಮೆಲ್ಲಗೆ ತಿರುಗಿಸಿದರು. ಬಟ್ಟೆಯ ಮೇಲೆ ಸಪ್ತರ್ಷಿ ಮಂಡಲ ಏರಿತು. ಹೊರಬಂದಾಗ ಎಲ್ಲರ ಮಂಡಿಗೂ ಅದಿರಿನ ಕೆಂಪು.

ಬೇಸಿಗೆ ರಜೆಗೆ ಮುಂಚಿನ ಕೊನೆಯ ಪ್ರದರ್ಶನ ಕಂಪ್ಲಿಯಲ್ಲಿ. ಶಾಲೆ ಶುರುವಾದ ಮೇಲೆ ಸಂಡೂರಿನ ಗುಡ್ಡದ ಕಡೆಯ ಹಳ್ಳಿಗಳಿಗೆ ಒಯ್ಯುವುದೆಂದು ನಿಗದಿಯಾಗಿತ್ತು, ಅಲ್ಲಿನ ಮಕ್ಕಳಿಗೆ ಹೇಳಿಯೂ ಆಗಿತ್ತು. ನಡುವಿನ ತಿಂಗಳುಗಳಲ್ಲಿ ಗುಡಿಸಲನ್ನು ತನ್ನ ಗೋದಾಮಿನಲ್ಲಿ ಇಡಬಹುದೆಂದು ಮಾವ ತಾನಾಗಿಯೇ ಒಪ್ಪಿದ್ದ. ಅದಕ್ಕೇ ಅವನು ಅಂದಿನ ಮುಖ್ಯ ಅತಿಥಿ.

ಮಾವ ತಡವಾಗಿ ಬಂದ. ಅಷ್ಟರಲ್ಲಿ ಮಕ್ಕಳು ಒಳಗೆ ಕೂತಿದ್ದರು, ಅಕ್ಕೋರೂ ನಾನೂ ಒಳಗೇ. ಹೊರಗೆ ಶಾಲು, ಹಾರ, ಪೇಟ ಆದಮೇಲೆ ತೋಳಿನ ಬಾಯಿಯಿಂದ ಮಾವನ ದನಿ ಕೇಳಿತು. "ನಾಯಿ ಹಂಗ ತೂರ್ಬೇಕೇನ್ರಿ ನಾವು?" ಒಂದು ಬದಿಯ ತಾಡಪತ್ರಿ ಎತ್ತಿಬಿಡಿ ಎಂದು ಹೆಡ್ಮಾಸ್ಟರು ಕೂಗಿದರು.

"ಎತ್ತಬ್ಯಾಡ್ರಿ" ಅಂದರು ಅಕ್ಕೋರು. "ಹುಡುಗ್ರ ಕಣ್ಣು ಈಗ ಕತ್ತಲಿಗೆ ಹೊಂದ್ಯಾವ. ಚುಕ್ಕಿ ನೋಡಾಕ ದೊಡ್ಡೋರೂ ಬಗ್ಗಬೇಕ್ರಿ, ಸಾವುಕಾರ್ರ."

ಮಾವ ಬಗ್ಗಿದ. ಅರ್ಧ ದಾರಿಯಲ್ಲಿ ಪಂಚೆ ಮಂಡಿಗೆ ಸಿಕ್ಕಿ ನಿಂತುಬಿಟ್ಟ. ಪೇಟ ಮಾತ್ರ ಉರುಳಿ ಒಳಗೆ ಬಂತು. "ಅಕ್ಕೋರೆ, ಬರೇ ತಲಿ ಬಂತ್ರಿ" ಎಂದಿತು ಒಂದು ಮಗು. ಗುಡಿಸಲೆಲ್ಲ ನಕ್ಕಿತು. ಅಕ್ಕೋರು ನಕ್ಕರೇ? ಆ ಕತ್ತಲಲ್ಲಿ ಅವರ ನಗುವನ್ನೂ ಕೇಳಿದ ಹಾಗೆ ನನಗೆ ನೆನಪು. ಅವರು ನಕ್ಕಿರಲಿಲ್ಲ ಎಂದು ಬರೆಯಬೇಕೆಂದು ಎಷ್ಟೋ ಸಲ ಅನ್ನಿಸಿದೆ... ಮಾವ ಹಿಂದಕ್ಕೆ ಸರಿದು ಹೊರಗೆ ಹೋದ. ಸಂಜೆ ಅವನ ಆಳುಗಳೇ ಗುಡಿಸಲು ಬಿಚ್ಚಿ, ಮಡಚಿ, ಟ್ರ್ಯಾಕ್ಟರಿಗೆ ಹೇರಿದರು. ಮಾವ ಎಲ್ಲರನ್ನೂ ನಗುನಗುತ್ತಲೇ ಬೀಳ್ಕೊಟ್ಟ.

ಶಾಲೆ ಶುರುವಾಗುವ ಹೊತ್ತಿಗೆ ಅಕ್ಕೋರ ಜೊತೆ ನಾನೂ ಗಿರಣಿಗೆ ಹೋದೆ. ಮಾವ ಕುರ್ಚಿ ಹಾಕಿಸಿದ, ಚಹಾ ತರಿಸಿದ.

"ಇಲಿ ಕಡದಾವ್ರಿ ಅಕ್ಕೋರೆ. ಚೂರು ಚೂರು ಮಾಡ್ಯಾವ."

"ಚೂರಾದ್ರೂ ಇರ್ಲಿ ಕೊಡ್ರಿ. ಹೊಲ್ಕೊಂತೀನಿ."

"ನಾತ ಹೊಡೀತಿತ್ರಿ. ಸುಟ್ಟಬಿಟ್ವಿ."

ಅಕ್ಕಿ ಗಿರಣಿಯಲ್ಲಿ ಇಲಿ ಇಲ್ಲವೆಂದು ಯಾರು ವಾದಿಸುತ್ತಾರೆ? ಬಸ್ಸಿನಲ್ಲಿ ಅಕ್ಕೋರು ಒಂದೇ ಮಾತು ಆಡಿದರು: "ತಪ್ಪು ನಂದೇ. ಕಾಳು ಇರೋ ಕಡಿ ಇಡಬಾರದಿತ್ತು." ಸಂಡೂರಿನ ಶಾಲೆಗಳಿಗೆ ಬರಲಾಗುವುದಿಲ್ಲವೆಂದು ಅವರೇ ಹೇಳಿ ಕಳಿಸಿದರು. ಇನ್ನೊಂದು ಗುಡಿಸಲು ಮಾಡೋಣವೆಂದು ನಾವು ಯಾರೂ ಮುಂದೆ ಬರಲಿಲ್ಲ. ಗಣಿ ಮತ್ತೆ ಶುರುವಾಗಿತ್ತು, ತಾಡಪತ್ರಿಗಳೆಲ್ಲ ಲಾರಿ ಏರಿದ್ದವು. ತೂತಿನ ಡಬ್ಬಿ ಬಹಳ ವರ್ಷ ಅವರ ಅಡುಗೆಮನೆಯ ಗೋಡೆಯ ಮಾಡದಲ್ಲಿತ್ತು. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ತಪ್ಪು ತಮ್ಮದೇ ಎಂದುಕೊಂಡೇ ಹೋದರು.

ಗಿರಣಿಯ ಅಂಗಳದಲ್ಲಿ ನಾನು ಮೂಲೆಯ ರಾಶಿಯ ಹತ್ತಿರ ಹೋಗಿ ಹೊದಿಕೆಯ ಅಂಚು ಎತ್ತಿದೆ. ಕಲ್ಲಂಗಡಿ ಹೋಳಿನಂಥ ತುಂಡುಗಳು, ಒಂದಕ್ಕೊಂದು ಹೊಲಿದವು. ಒಳಮೈಯಲ್ಲಿ ಬಟ್ಟೆ, ಮಾಸಿ ಬೂದಿಯ ಬಣ್ಣಕ್ಕೆ ತಿರುಗಿತ್ತು, ಮಡಿಕೆಗಳೊಳಗೆ ಮಾತ್ರ ಇನ್ನೂ ಬಿಳಿ. ದಾರ ಕೆಂಪೋ ಅಲ್ಲವೋ, ಆ ದೂಳಿನಲ್ಲಿ ತಿಳಿಯಲಿಲ್ಲ. ಇಲಿ ಕಡಿದ ಗುರುತು ಹುಡುಕಿದೆ. ಒಂದೂ ಇರಲಿಲ್ಲ. ತೋಳು ಇದ್ದ ಕಡೆ ನೇರವಾಗಿ ಕತ್ತರಿ ಆಡಿಸಿದ್ದರು.

ಮಾವ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ವಯಸ್ಸಾಗಿದೆ, ಈಗ ಬಗ್ಗಲು ನಿಜಕ್ಕೂ ಆಗುವುದಿಲ್ಲ. ನಾನು ಹತ್ತಿರ ಹೋಗುತ್ತಲೇ ಅಂದ: "ಗಟ್ಟಿ ಮಾಲವ್ವ ಅದು. ಈಗ ಅಂಥಾವು ಬರಂಗಿಲ್ಲ."

"ಭಾಳ ಹಳೇದಲ್ಲೇನು, ಮಾವ?"

"ತಾಡಪತ್ರಿಗೆ ಹಳೇದೇನು, ಹೊಸಾದೇನು. ನೀರು ಇಳೀಲಿಲ್ಲಂದ್ರ ಸಾಕು."

ಆಗ ಕೇಳಿದೆ. ಅವನು ಮೋಡ ನೋಡಿದ, ಆಳುಗಳನ್ನು ಕೂಗಿದ, ನನಗೆ ಊಟಕ್ಕೆ ಏಳು ಅಂದ. ಆಮೇಲೆ ಎರಡು ಸಲ ನಮ್ಮ ಮನೆಗೂ ಬಂದು ಹೋದ, ಆ ಮಾತಿಗೆ ಮಾತ್ರ ಬರಲಿಲ್ಲ. ನಾನು ಕೇಳಿದ್ದು ಇಷ್ಟೇ:

"ಭತ್ತಕ್ಕ ಹೊಚ್ಚೋ ತಾಡಪತ್ರಿಗೆ ಒಳಗ ಬಿಳಿ ಬಟ್ಟಿ ಯಾಕ ಹೊಲಿಸಿದ್ರಿ, ಮಾವ?"