ಐದೂ ಒಂದೇ ಥರ ಇರಬೇಕಿತ್ತು

ಅರವತ್ತರ ದಶಕದ ಕೊನೆಯ ಮಾತು. ಮೊನ್ನೆ ಪೇಪರಿನಲ್ಲಿ ಯಾರೋ ಮಂತ್ರಿ ವಿದೇಶದವರಿಗೆ ಗಂಧದ ಪೆಟ್ಟಿಗೆ ಕೊಡುವ ಫೋಟೋ ನೋಡಿ, ಪೇಪರನ್ನೇ ಮುದುರಿ ಎಸೆದೆ.

ಸಾಗರದಲ್ಲಿ ನಮ್ಮದು ಗಂಧದ ಕೆತ್ತನೆಯ ಮನೆ. ಪೂರ್ವದ ಐದು ದೇಶಗಳು ಸೇರಿ ಹೊಸದಾಗಿ ಒಂದು ಕೂಟ ಕಟ್ಟಿಕೊಂಡಿದ್ದವಂತೆ. ಅವರೊಡನೆ ವ್ಯಾಪಾರ ಬೆಳೆಸಬೇಕು ಅಂತ ನಮ್ಮ ಸರ್ಕಾರಕ್ಕೆ ಆಸೆ. ಮಾತುಕತೆಗೆ ಬರುವ ಐವರಿಗೂ ಉಡುಗೊರೆಯಾಗಿ ಐದು ಪೆಟ್ಟಿಗೆ ಕೆತ್ತುವ ಕೆಲಸ ನಮ್ಮ ಅಪ್ಪಯ್ಯನಿಗೆ ಬಂತು. ಮುಚ್ಚಳದ ನಡುವೆ ತಾವರೆ, ಸುತ್ತ ಬಳ್ಳಿ. ಗಂಧ ಸರ್ಕಾರದ್ದು. ತೂಗಿ ಕೊಟ್ಟು, ಕೆತ್ತಿ ಉಳಿದ ಪುಡಿಯನ್ನೂ ತೂಗಿ ವಾಪಸ್ ತಗೊಳ್ಳುತ್ತಿದ್ದರು.

ಅಪ್ಪಯ್ಯನ ಕಣ್ಣು ಆಗಲೇ ಮಂಜಾಗಿತ್ತು. ತೀರ್ಥಹಳ್ಳಿಯ ಡಾಕ್ಟರು ಇನ್ನು ಸೂಕ್ಷ್ಮದ ಕೆಲಸ ಬೇಡವೇ ಬೇಡ ಅಂದಿದ್ದರು. ನಾಲ್ಕು ಪೆಟ್ಟಿಗೆ ಹೇಳಿದ ಹಾಗೇ ಮಾಡಿದರು. ಐದನೆಯದಕ್ಕೆ ಬಂದಾಗ ಏನು ಹುಚ್ಚು ಹಿಡಿಯಿತೋ, ತಾವರೆ ಬಿಟ್ಟು ಹಕ್ಕಿಗೂಡು ಕೆತ್ತಿದರು. ಬಾಯಿ ತೆರೆದ ಮರಿಗಳು, ಅಂಚಿನಲ್ಲಿ ಕೂತ ತಾಯಿಹಕ್ಕಿ. ಒಂದೊಂದು ಗರಿಯೂ ಬಿಡಿಬಿಡಿ!

"ಇನ್ನು ಇಂಥದ್ದು ನನ್ನ ಕೈಲಿ ಆಗ್ದು ಮಗಾ. ಇದೇ ಕೊನೆ," ಅಂದರು. ಮಗಳಾದರೂ ನನ್ನನ್ನು ಅವರು ಮಗಾ ಅಂತಲೇ ಕರೆಯುತ್ತಿದ್ದರು. ನನಗೆ ಅಳುವೂ ಬಂತು, ಹೆಮ್ಮೆಯೂ ಆಯಿತು.

ಜೀಪಿನಲ್ಲಿ ಬಂದ ಅಧಿಕಾರಿ ಐದನ್ನೂ ಸಾಲಾಗಿ ಇಡಿಸಿದ. ಗೂಡಿನ ಪೆಟ್ಟಿಗೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಆಮೇಲೆ, "ಅದ್ಭುತವಾಗಿದೆ ಯಜಮಾನ್ರೇ. ಆದ್ರೆ ಇದನ್ನ ಹೆರೆದು ತಾವರೆ ಮಾಡಿಬಿಡಿ," ಅಂದ.

"ಅಯ್ಯೋ ದೇವರೇ, ಹೆರೆಯೋದಾ?" ಅಂತ ನಾನು ಕೂಗಿಯೇಬಿಟ್ಟೆ.

"ಒಬ್ಬರಿಗೆ ಇದನ್ನ ಕೊಟ್ರೆ ಉಳಿದ ನಾಲ್ವರು ಏನು ತಿಳ್ಕೋತಾರಮ್ಮ? ನಮಗೆ ಐದು ದೇಶವೂ ಒಂದೇ."

"ಹಾಗಿದ್ರೆ ಇದನ್ನ ಇಲ್ಲೇ ಬಿಡಿ. ಅಪ್ಪಯ್ಯ ಬೇರೆ ಮಾಡಿಕೊಡ್ತಾರೆ."

"ಬೇರೆ ಗಂಧ ಎಲ್ಲಿದೆ? ಅವರು ಈ ವಾರವೇ ಬರ್ತಿದ್ದಾರೆ."

ಇವನ ಮನೆ ಹಾಳಾಗ ಅಂತ ಮನಸ್ಸಿನಲ್ಲೇ ಶಪಿಸಿದೆ. ಅಪ್ಪಯ್ಯ ಏನಾದರೂ ಹೇಳುತ್ತಾರೆ, ಆಗೋದಿಲ್ಲ ಅನ್ನುತ್ತಾರೆ ಅಂತ ಕಾದೆ. ಅವರು ನನ್ನ ಮುಖವನ್ನೂ ನೋಡದೆ ಉಳಿ ಕೈಗೆತ್ತಿಕೊಂಡರು. ಮೊದಲು ತಾಯಿಹಕ್ಕಿಯ ಕೊಕ್ಕು ಹೋಯಿತು. ಆಮೇಲೆ ಒಂದೊಂದೇ ಮರಿ. ನಾನು ಬಾಯಿಗೆ ಸೆರಗು ತುರುಕಿಕೊಂಡು ಒಳಗೆ ಓಡಿಹೋದೆ.

ಮಾರನೇ ದಿನ ಸಂಜೆ ಅಧಿಕಾರಿ ಮತ್ತೆ ಬಂದ. ಪೆಟ್ಟಿಗೆಗಳನ್ನು ಎತ್ತಿ, ತಿರುಗಿಸಿ, ಅದಲುಬದಲು ಮಾಡಿ ನೋಡಿ, "ಭೇಷ್! ಈಗ ಸರಿಯಾಯ್ತು ನೋಡಿ," ಅಂದ. ಹೆರೆದ ಪುಡಿಯನ್ನೂ ಬಿಡಲಿಲ್ಲ, ಪೊಟ್ಟಣ ಕಟ್ಟಿಕೊಂಡ. ಡ್ರೈವರನ್ನು ಕರೆಯಲು ಹೊರಗೆ ಹೋದ.

ಅಪ್ಪಯ್ಯ ಬಗ್ಗಿ ಕೂತು ಒಂದೊಂದೇ ಮುಚ್ಚಳದ ಮೇಲೆ ಬೆರಳಾಡಿಸಿದರು. ಕೊನೆಯದನ್ನು ಮುಟ್ಟಿ, ಮತ್ತೆ ಮೊದಲಿಂದ ಶುರುಮಾಡಿದರು.

"ಗೂಡಿದ್ದದ್ದು ಯಾವುದು ಮಗಾ?" ಅಂತ ಕೇಳಿದರು.

ನನಗೂ ಗೊತ್ತಾಗಲಿಲ್ಲ.