ಸಾವಿನ ಸುದ್ದಿ ಹೇಳಿದ್ದು

ನಾನು ಬಾಡಿಗೆ ಕಾರು ಓಡಿಸುತ್ತೇನೆ. ನಮ್ಮ ಕಡೆ ಸತ್ತವರ ಮನೆಯವರಿಗೆ ಸಾವಿನ ಸುದ್ದಿಯನ್ನು ನೇರವಾಗಿ ಹೇಳುವುದಿಲ್ಲ. ಹುಷಾರಿಲ್ಲ ಎಂದು ಕಾರಿಗೆ ಹತ್ತಿಸುತ್ತಾರೆ. ಮನೆ ಮುಂದೆ ಇಳಿದು ಅವರೇ ನೋಡಿಕೊಳ್ಳಬೇಕು.

ಆ ದಿನ ಕೊಳ್ಳೇಗಾಲದಲ್ಲಿ ರೇಷ್ಮೆ ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬಳನ್ನು ಅಗರಕ್ಕೆ ಕರೆದೊಯ್ಯಬೇಕಿತ್ತು. ಬೆಳಿಗ್ಗೆ ಅವಳ ಗಂಡ ಗದ್ದೆಯಲ್ಲಿ ಕುಸಿದು ಸತ್ತಿದ್ದ. ಅವಳು ಹಿಂದಿನ ಸೀಟಿಗೆ ಹತ್ತಿದಾಗ ನನ್ನ ಪಕ್ಕ ಕೂತಿದ್ದ ಅವಳ ಮೈದುನ, 'ಅಣ್ಣಂಗೆ ವಸಿ ಜ್ವರ ಅತ್ಗೆ' ಎಂದ.

'ಜ್ವರಕ್ಕೆಲ್ಲ ನಮ್ಮನೇಲಿ ಯಾರಪ್ಪ ಕಾರ್ ಕಳಿಸ್ತಾರೆ?' ಎಂದಳು. ಅವನು ಕಿಟಕಿ ಕಡೆ ತಿರುಗಿದ. ಅವಳು ನನ್ನನ್ನು ಕೇಳಿದಳು: 'ಅಣ್ಣ, ನೀವಾದ್ರೂ ನಿಜ ಏಳಿ.'

ಕಾರು ನಿಲ್ಲಿಸಿ ಹೇಳಿದೆ.

'ನಿಂಗ್ಯಾಕಯ್ಯ ಬೇಕಿತ್ತು ಈ ಉಸಾಬರಿ?' ಎಂದು ಮೈದುನ ರೇಗಿದ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ, 'ಹನೂರಿಗೆ ತಿರುಗ್ಸಿ ಅಣ್ಣ. ಮಗಳ್ನ ಅಲ್ಲಿಗೆ ಕೊಟ್ಟೀವಿ. ಇವ್ರು ಅವಳ್ಗೂ ಸುಳ್ಳೇ ಏಳ್ತಾರೆ. ನಾನೇ ಏಳ್ತೀನಿ' ಎಂದಳು.

ಹನೂರಿನಲ್ಲಿ ಅವ್ವನನ್ನು ಕಂಡು ಮಗಳು ನಗುತ್ತ ಬಾಗಿಲಿಗೆ ಬಂದಳು. ತಾಯಿ ಅವಳ ಮುಖವನ್ನೇ ನೋಡಿದಳು. 'ನಿಮ್ಮಪ್ಪ ನಿನ್ನ ನೋಡ್ಬೇಕಂತೆ. ಒರಡವ್ವ' ಎಂದುಬಿಟ್ಟಳು. ಹುಡುಗಿ ಸೀರೆ ಬದಲಿಸಲು ಒಳಗೆ ಹೋದಳು.

ತಾಯಿ ನನ್ನ ಬಳಿ ಬಂದು ಮೆಲ್ಲಗೆ ಹೇಳಿದಳು: 'ನನ್ ಕೈಲಿ ಆಗ್ನಿಲ್ಲ. ನೀವೇ ಏಳ್ಬುಡಿ ಅಣ್ಣ. ನಿಮ್ಗೆ ಒಂದ್ಸಲ ಏಳಿ ರೂಢಿ ಆಗ್ಯದೆ.'

ಹುಡುಗಿ ಹೊರಗೆ ಬಂದಳು. ಹೇಳಿದೆ.

ರೂಢಿ ಏನೂ ಆಗಿರಲಿಲ್ಲ.